ಕೋಡಿಗೆ ಪೇರಿಸಿದ ಕಲ್ಲು

ದೊಡ್ಡಬಳ್ಳಾಪುರದ ನಮ್ಮ ಸೀಮೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಾಕಳಿದುರ್ಗದ ಸುತ್ತ ಬಿದ್ದ ಮಳೆ ಮೊದಲು ನಮ್ಮ ಕೆರೆ ತುಂಬಬೇಕು, ಹೆಚ್ಚಾದದ್ದು ಕೋಡಿ ಹರಿದು ಕೆಳಗಿನೂರಿನ ಕೆರೆ ಸೇರಬೇಕು. ನಲವತ್ತರ ದಶಕದಲ್ಲಿ ನಮ್ಮ ರಾಜಕೀಯವೆಲ್ಲ ಆ ಕೋಡಿಯ ಎತ್ತರದಲ್ಲೇ ಇತ್ತು. ಹೈಸ್ಕೂಲು ಓದಿದವನೆಂದು ಊರಿನವರು ನನ್ನನ್ನು ಪಂಚಾಯಿತಿಗೆ ಸೇರಿಸಿದ್ದರು. ಸ್ವರಾಜ್ಯ ಬಂದ ಮರುವರ್ಷ, ಕೋಡಿಯ ಮೇಲೆ ಕಲ್ಲು ಪೇರಿಸಿ ಇನ್ನಷ್ಟು ನೀರು ನಿಲ್ಲಿಸೋಣ ಎಂದವನು ನಾನೇ. ಊರು ಭೇಷ್ ಎಂದು ಕಲ್ಲು ಪೇರಿಸಿಯೇಬಿಟ್ಟಿತು.

ಕೆಳಗಿನೂರಿಗೆ ಕೊಟ್ಟಿದ್ದ ನನ್ನ ಅಕ್ಕ ಒಂದು ಬೆಳಿಗ್ಗೆ ನಡೆದೇ ಬಂದಳು.

“ಏನಪ್ಪಾ ಮೆಂಬರ್ರೇ, ಎಲ್ಲಾರೂ ಒಂದೇ ಅಂತ ಪೇಟೇಲಿ ಭಾಷಣ ಬಿಗೀತೀಯಂತೆ. ನಮ್ಮ ಕೆರೆ ನಿನ್ನ ಸ್ವರಾಜ್ಯಕ್ಕೆ ಸೇರಲ್ವಾ?”

“ಊರೆಲ್ಲಾ ಸೇರಿ ಮಾಡಿದ್ದು ಕಣಕ್ಕ.”

“ಹಾಕ್ಸಿದೋನು ನೀನು, ನೀನೇ ತೆಗ್ಸು. ನಾಟಿ ಒಣಗ್ತೈತೆ ಕಣೋ.”

ತೆಗೆಸಿದರೆ ಅಕ್ಕನ ಮಾತಿಗೆ ಊರನ್ನು ಮಾರಿದನೆಂದು ಜನ ಆಡಿಕೊಳ್ಳುತ್ತಾರೆಂಬ ಭಯ ನನಗೆ. ನೋಡೋಣ ಎಂದೆ. ಅವಳು ಎದ್ದಳು. ತವರಿನಿಂದ ಹೊರಡುವ ಹೆಣ್ಣುಮಗಳು ಕುಂಕುಮ ಇಡಿಸಿಕೊಳ್ಳದೆ ಹೋಗುವುದಿಲ್ಲ. ಅವ್ವ ತಟ್ಟೆ ಹಿಡಿದು ಬೀದಿಯವರೆಗೆ ಓಡಿದರೂ ಅಕ್ಕ ತಿರುಗಿ ನೋಡಲಿಲ್ಲ.

ಅಂದು ದಿನವಿಡೀ ಕೆರೆಯ ಏರಿಯ ಮೇಲೆ ಅತ್ತಿಂದಿತ್ತ ತಿರುಗಿದೆ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಕೋಡಿಯ ಕಡೆಗೇ ಕಾಲು ಹೋಗುತ್ತಿತ್ತು. ಕಡೆಗೆ ಬಗ್ಗಿ ಒಂದು ಕಲ್ಲನ್ನು ಅಲ್ಲಾಡಿಸಿದೆ. ಅಷ್ಟರಲ್ಲಿ ನಮ್ಮೂರಿನ ದನ ಕಾಯುವವರು ಎದುರಾದರು.

“ಏನ್ ಮಾಡ್ತಿದೀರಾ ಮೆಂಬರ್ರೇ?”

“ಭದ್ರವಾಗೈತಾ ಅಂತ ನೋಡ್ತಿದೀನಿ” ಎಂದು ಆ ಕಲ್ಲನ್ನು ಇನ್ನಷ್ಟು ಒತ್ತಿ ಕೂರಿಸಿದೆ.

ಆ ವರ್ಷ ಅಕ್ಕನ ಗದ್ದೆ ತೆನೆಗಟ್ಟಲಿಲ್ಲ. ಅವ್ವ ಸತ್ತಾಗ ಬಂದವಳು ಅಂಗಳದಲ್ಲೇ ನಿಂತು ಅತ್ತಳು. ನಾನು ಕರೆದರೂ ಹೊಸಿಲು ತುಳಿಯಲಿಲ್ಲ.