ದಿಂಡು ಮಾರುವ ಜವರಮ್ಮನ ಕಲ್ಲು

ನನ್ನ ಅತ್ತೆಯನ್ನು ಬೈಯಬೇಡ ಎಂದು ನನಗೆ ಯಾರೂ ಬುದ್ಧಿ ಹೇಳಬೇಡಿ. ಆ ಹೆಂಗಸಿನ ಜೊತೆ ಒಂದೇ ಸೂರಿನಡಿ ಏಗಿದವಳು ನಾನು, ನೀವಲ್ಲ.

ಹೆಸರು ಜವರಮ್ಮ. ನಂಜನಗೂಡಿನ ಮಾರ್ಕೆಟ್ಟಿನ ಬಾಗಿಲಲ್ಲಿ ಗೋಣಿಚೀಲ ಹಾಸಿಕೊಂಡು ಬಾಳೆದಿಂಡು ಮಾರುತ್ತಾಳೆ. ಪಕ್ಕದ ಚೀಲದ ಮೇಲೆ ಸೊಪ್ಪು ಮಾರುವವಳು ನಾನು, ಅವಳ ಸೊಸೆ ರೋಜಾ. ಚಿಕ್ಕಯ್ಯನಛತ್ರದ ಕಡೆಯ ತೋಟಗಳಲ್ಲಿ ಗೊನೆ ಕಡಿದ ಮೇಲೆ ಉಳಿಯುವ ಬಾಳೆಯನ್ನು ನನ್ನ ಗಂಡ ನಾಗೇಂದ್ರ ತನ್ನ ಗೂಡ್ಸ್ ಆಟೋದಲ್ಲಿ ತುಂಬಿಕೊಂಡು ಬರುತ್ತಾನೆ. ಅತ್ತೆ ಒಂದೊಂದೇ ಪಟ್ಟೆ ಸುಲಿದು ಒಳಗಿನ ಬೆಳ್ಳನೆಯ ದಿಂಡು ತೆಗೆದು ಜೋಡಿಸುತ್ತಾಳೆ. ಬಾಳೆಯ ಕರೆ ಹತ್ತಿ ಹತ್ತಿ ಅವಳ ಅಂಗೈ ಕಪ್ಪಾಗಿಹೋಗಿದೆ. ಪಲ್ಯಕ್ಕೆಂದು ಕೊಳ್ಳುವವರು ಕಡಿಮೆ. ಬರುವವರೆಲ್ಲ ಸೊಂಟ ಹಿಡಿದುಕೊಂಡೇ ಬರುತ್ತಾರೆ, ಕಿಡ್ನಿಯಲ್ಲಿ ಕಲ್ಲಂತೆ. ಅವರಿಗೆ ದಿಂಡಿನ ಜೊತೆ ನಾಲ್ಕು ಮಾತೂ ಬೇಕು. ಅತ್ತೆ ಅದನ್ನು ಧಾರಾಳವಾಗಿ ಕೊಡುತ್ತಿದ್ದಳು.

“ವತ್ತಾರೆ ಬರೀ ಒಟ್ಟೇಲಿ ಒಂದ್ ಲೋಟ ರಸ ಕುಡೀರಿ ಸಾ. ಎಂತಾ ಕಲ್ಲಾದ್ರೂ ಕರ್ಗಿ ನೀರಾಗೋಯ್ತದೆ. ಆಸ್ಪತ್ರೆಗೋದ್ರೆ ಕುಯ್ತಾರೆ, ಅಷ್ಟೇಯ.”

ಸುಳ್ಳು ಹೇಳುತ್ತಿದ್ದಳು ಎನ್ನಲಾರೆ. ನಂಬಿದ್ದಳು. ಸಣ್ಣ ಕಲ್ಲು ತಾನಾಗಿಯೇ ಬಿದ್ದುಹೋದವರು ಬಂದು ಕೈಮುಗಿದು ಹೋಗುತ್ತಿದ್ದರು. ಬೀಳದವರು ಮೈಸೂರಿನ ದಾರಿ ಹಿಡಿಯುತ್ತಿದ್ದರು, ಅವರ ಸುದ್ದಿ ನಮ್ಮ ಗೋಣಿಚೀಲದವರೆಗೆ ಬರುತ್ತಿರಲಿಲ್ಲ. ಹೊಗಳಿದವರ ಮಾತು ಮಾತ್ರ ಕಿವಿಗೆ ಬಿದ್ದರೆ ಯಾರಿಗೆ ತಾನೇ ತಲೆ ತಿರುಗುವುದಿಲ್ಲ?

ಅಂಥ ಅತ್ತೆಗೇ ಕಲ್ಲು ಬಂತು.

ಒಂದು ದಿನ ಬೆಳಿಗ್ಗೆ ಹಿತ್ತಲಲ್ಲಿ ಪಟ್ಟೆ ಸುಲಿಯುತ್ತಾ ಕೂತವಳು ಚಾಕು ಬಿಸಾಡಿ ಪಕ್ಕೆ ಹಿಡಿದುಕೊಂಡಳು. ಕೂರಲಾರಳು, ನಿಲ್ಲಲಾರಳು, ಮಲಗಲಾರಳು. ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ಮುಲುಗಿದಳು. ನೋವು ಬೆನ್ನಿನಿಂದ ಇಳಿದು ತೊಡೆಸಂದಿಗೆ ಹೊಡೆಯುತ್ತಿತ್ತು. ಕುಡಿದ ಟೀಯೆಲ್ಲ ವಾಂತಿಯಾಯಿತು. ಹೆರಿಗೆಯಲ್ಲೂ ಹಲ್ಲು ಕಚ್ಚಿಕೊಂಡಿದ್ದೆ ಎಂದು ನನ್ನನ್ನು ಹಂಗಿಸುತ್ತಿದ್ದ ಹೆಂಗಸು ಅವತ್ತು ಬೀದಿಗೆ ಕೇಳುವ ಹಾಗೆ ಕೂಗಿದಳು.

“ಅತ್ತೆ, ಇದು ಕಲ್ಲೇ ಕಣತ್ತೆ. ಗಿರಾಕಿಗಳು ದಿನಾ ಬಂದು ಏಳೋದು ಇದ್ನೇ ಅಲ್ವಾ?” ಎಂದೆ.

“ಮುಚ್ಚಮ್ಮಿ ಬಾಯ! ವಾಯು ಇದು. ಕಲ್ಲು ಗಿಲ್ಲು ಅಂತ ಮಾರ್ಕೆಟ್ನಲ್ಲಿ ಉಸ್ರು ಬುಟ್ಟೀಯ, ಉಟ್ನಿಲ್ಲ ಅನ್ನುಸ್ಬುಡ್ತೀನಿ!”

ಅದೇ ನೋಡಿ. ಪ್ರಾಣ ಹೋಗುತ್ತಿದ್ದರೂ ಅವಳ ಯೋಚನೆ ಮಾರ್ಕೆಟ್ಟಿನದು. ಕಲ್ಲು ಕರಗಿಸುವ ಜವರಮ್ಮನಿಗೇ ಕಲ್ಲು ಎಂದರೆ ಊರು ನಗುವುದಿಲ್ಲವೇ? ದಿಂಡು ಜಜ್ಜಿ ಹಿಂಡಿ ಲೋಟದ ಮೇಲೆ ಲೋಟ ರಸ ಕುಡಿದಳು. ಸಂಜೆಗೆ ನೋವು ಇಳಿಯಿತು.

“ನೋಡ್ದಾ? ಕರ್ಗೋಯ್ತು.”

“ವಾಯು ಕರಗ್ತದಾ ಅತ್ತೆ?”

ಲೋಟ ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

ಆಮೇಲೆ ಆ ನೋವು ಮನೆಯ ನೆಂಟನಾಯಿತು. ಬರುವುದು, ಉರುಳಾಡಿಸುವುದು, ಹೋಗುವುದು. ಹೋದಾಗಲೆಲ್ಲ “ಕರ್ಗೋಯ್ತು”. ಆಸ್ಪತ್ರೆಗೆ ಹೋಗೋಣ ಎಂದು ಬಡಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನನ್ನ ಗಂಡನಿಗೆ ಹೇಳಿದರೆ “ಅವ್ವಂಗ್ ಗೊತ್ತಿಲ್ವಾ?” ಎಂದು ಆಟೋ ಒರೆಸಲು ಹೋಗುತ್ತಿದ್ದ. ತಾಯಿಯ ಮುಂದೆ ಬಾಯಿ ಬಿಟ್ಟ ಗಂಡಸಲ್ಲ ಅವನು.

ಕೊನೆಗೊಮ್ಮೆ ನೋವು ಪೂರ್ತಿ ನಿಂತಿತು. ಅತ್ತೆ ಗೆದ್ದೆ ಎಂದಳು. ಆದರೆ ಊಟ ಸೇರುತ್ತಿರಲಿಲ್ಲ, ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ನಾನು ಜಗಳ ತೆಗೆದೆ, ಒಲೆ ಹಚ್ಚುವುದಿಲ್ಲ ಎಂದು ಕೂತೆ. ಅದಕ್ಕೆ ಮಣಿದು ಒಂದು ಷರತ್ತು ಹಾಕಿದಳು. ನಂಜನಗೂಡಿನಲ್ಲಿ ಎಲ್ಲರಿಗೂ ಗುರುತು, ಅಲ್ಲಿ ಬೇಡ. ತಿ. ನರಸೀಪುರದಲ್ಲಿ ಸ್ಕ್ಯಾನ್ ಮಾಡಿಸೋಣ, ಅಲ್ಲಾದರೆ ಯಾರೂ ನೋಡುವುದಿಲ್ಲ.

ನೋಡದೆ ಇರುತ್ತಾರೆಯೇ? ಸ್ಕ್ಯಾನಿಂಗಿಗೆ ಹೊಟ್ಟೆ ತುಂಬ ನೀರು ಕುಡಿಸಿ ಬೆಂಚಿನ ಮೇಲೆ ಕೂರಿಸಿದ್ದೆ. ಎದುರಿಗೆ ಬಂದು ನಿಂತವರು ಸಿದ್ದಮಲ್ಲಪ್ಪನವರು. ತಲಕಾಡು ರಸ್ತೆಯ ಒಂದು ಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಸೋಮವಾರ ನಂಜುಂಡೇಶ್ವರನ ದರ್ಶನಕ್ಕೆ ಬಂದಾಗ ಅತ್ತೆಯ ಹತ್ತಿರ ವಾರಕ್ಕಾಗುವಷ್ಟು ದಿಂಡು ಒಯ್ಯುತ್ತಿದ್ದರು.

“ಏನ್ ಜವರಮ್ಮ, ನೀನಿಲ್ಲಿ?”

“ಸೊಸೆಗೆ ಒಟ್ಟೆನೋವು ಯಜಮಾನ್ರೆ. ಈಗಿನ್ ಕಾಲದ್ ಎಣ್ಮಕ್ಳು, ಮುಟ್ಟುದ್ರೆ ಮುರ್ದೋಯ್ತವೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಅವರೋ ಅವಳ ಪಕ್ಕದಲ್ಲೇ ನಿಂತು ಹೇಳಿಕೊಂಡರು: “ನಂಗೂ ನೋವು ನಿಂತು ತಿಂಗ್ಳಾಯ್ತು ಕಣಮ್ಮ, ನಿನ್ ದಿಂಡಿನ ಪುಣ್ಯ. ಆದ್ರೂ ಮಗ ಬುಡ್ನಿಲ್ಲ, ಒಂದ್ಸಲ ಸ್ಕ್ಯಾನ್ ಮಾಡ್ಸಪ್ಪ ಅಂತ ಕಳ್ಸವ್ನೆ.”

“ನೋವು ನಿಂತದೆ ಅಂದ್ಮೇಲೆ ಕಲ್ಲು ಕರ್ಗದೆ ಅಂತ್ಲೇಯ. ಸುಮ್ನೆ ಯಾಕ್ ದಂಡ? ಇನ್ನೊಂದಷ್ಟ್ ದಿನ ರಸ ಕುಡೀರಿ, ಓಗಿ.”

“ಬಂದೋರು ಮಾಡುಸ್ಕಂಡೇ ಓಗಿ ಸಾ” ಎಂದೆ ನಾನು. ಅತ್ತೆ ಸೆರಗಿನ ಮರೆಯಲ್ಲಿ ನನ್ನ ತೊಡೆ ಚಿವುಟಿದಳು. ಸಿದ್ದಮಲ್ಲಪ್ಪನವರು ನಕ್ಕು, ಡಾಕ್ಟರ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು. ಅವರ ಬೆನ್ನಿಗೇ ಅತ್ತೆಯೂ ಎದ್ದಳು. ಸ್ಕ್ಯಾನೂ ಇಲ್ಲ, ಮಣ್ಣೂ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಕಿತ್ತಾಡಿದ್ದನ್ನು ಡ್ರೈವರ್ ಕೂಡ ತಿರುಗಿ ನೋಡಿದ.

ಹತ್ತು ದಿನ ಕಳೆದಿತ್ತೋ ಇಲ್ಲವೋ, ಅತ್ತೆಗೆ ಚಳಿಜ್ವರ ಹತ್ತಿತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿತು. ಆಗ ನನ್ನ ಗಂಡನಿಗೆ ಬುದ್ಧಿ ಬಂತು. ತಾಯಿಯನ್ನು ಎತ್ತಿ ಬಾಳೆಪಟ್ಟೆಯ ಮೇಲೆಯೇ ಮಲಗಿಸಿ ಮೈಸೂರಿನ ದೊಡ್ಡಾಸ್ಪತ್ರೆಗೆ ಆಟೋ ಓಡಿಸಿದ. ಅಲ್ಲಿ ಕಿಡ್ನಿಯ ದಾರಿಗೆ ಸಣ್ಣ ಪೈಪು ಹಾಕಿ ಒಳಗೆ ಕಟ್ಟಿದ್ದ ಕೀವು ಹೊರಗೆ ಬಿಟ್ಟರು. ಜ್ವರ ಇಳಿದ ಮೇಲೆ ಡಾಕ್ಟರಮ್ಮ ಬಂದು ನಮ್ಮೆಲ್ಲರ ಬೆವರಿಳಿಸಿದರು.

“ನೋವು ನಿಂತೋಗಿತ್ತು ಮೇಡಂ” ಎಂದ ನಾಗೇಂದ್ರ.

“ನಿಂತಿದ್ದು ಕಲ್ಲು ಕರಗಿ ಅಲ್ಲ ಕಣ್ರೀ. ಕಲ್ಲು ದಾರಿಗೆ ಅಡ್ಡ ಕೂತಿದೆ. ಮೇಲೆ ಮೂತ್ರ ಕಟ್ಟಿಕೊಂಡು ಕಿಡ್ನಿ ಸೋತುಹೋಗಿದೆ. ಸೋತ ಮೇಲೆ ನೋವೂ ಗೊತ್ತಾಗಲ್ಲ. ಎಡಗಡೆದು ಹೋಯ್ತು ಅಂತಲೇ ತಿಳ್ಕೊಳ್ಳಿ. ಅಮ್ಮ ಉಳಿದಿದ್ದೇ ಹೆಚ್ಚು.”

ಅತ್ತೆ ಮೆಲ್ಲಗೆ ಕೇಳಿದಳು: “ದಿಂಡಿನ್ ರಸ ಕುಡೀತಿದ್ನಲ್ಲವ್ವ?”

“ಪಲ್ಯ ಮಾಡ್ಕೊಂಡು ತಿನ್ನಿ, ಚೆನ್ನಾಗಿರುತ್ತೆ. ಇಷ್ಟು ದಪ್ಪ ಕಲ್ಲನ್ನ ಅದು ಕರಗಿಸಲ್ಲ.”

ಈಗ ಡಾಕ್ಟರಮ್ಮನ ಮೇಲೆ ಬೀಳುತ್ತಾಳೆ ಎಂದುಕೊಂಡೆ. ಬೀಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಮತ್ತೆ ಈಚೆ ತಿರುಗಿ ನನ್ನ ಕೈ ಹಿಡಿದು, “ರೋಜಾ, ಸಿದ್ದಮಲ್ಲಪ್ಪನೋರ್ಗೂ ನೋವು ನಿಂತದೆ ಕಣಮ್ಮಿ” ಎಂದಳು.

ಆ ಮನುಷ್ಯ ಈಗಲೂ ನಗುನಗುತ್ತಾ ಕೂತಿರುತ್ತಾರೆ, ಒಳಗೆ ಕಿಡ್ನಿ ಕೊಳೆಯುತ್ತಿರುತ್ತದೆ. ಅವರ ಫೋನ್ ನಂಬರು ನಮ್ಮಲ್ಲಿರಲಿಲ್ಲ. ನಾಗೇಂದ್ರನನ್ನು ಅವತ್ತೇ ಅವರ ಹಳ್ಳಿಗೆ ಓಡಿಸಿದೆವು. ಸಂಜೆ ಬಂದು ತಲೆ ಕೆರೆದುಕೊಂಡು ನಿಂತ.

“ನಕ್ರು. ನಿಮ್ಮವ್ವನ್ ದಿಂಡಿಂದ್ಲೇ ವಾಸಿಯಾಯ್ತು, ಇನ್ನೂ ನಾಕ್ ಕಳ್ಸು ಅಂದ್ರು.”

“ಅವ್ವಂಗೆ ಇಂಗಾಗದೆ ಅಂತ ಏಳ್ನಿಲ್ವಾ?”

“ಎಂಗೇಳದು? ನಾಚ್ಕೆ ಆಯ್ತು.”

ಆಸ್ಪತ್ರೆ ಎಂದು ಸುಮ್ಮನಿದ್ದೆ. ಮನೆಯಾಗಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದೆ. ತಾಯಿಗೆ ತಕ್ಕ ಮಗ!

ಕಲ್ಲು ತೆಗೆಯಲು ಇನ್ನೊಮ್ಮೆ ಬರಬೇಕು, ಅಲ್ಲಿಯವರೆಗೆ ಪೈಪು ಒಳಗೇ ಇರಲಿ ಎಂದು ಅತ್ತೆಯನ್ನು ಕಳಿಸಿದರು. ಆ ಪೈಪಿನ ಪಾಡು ಶತ್ರುವಿಗೂ ಬೇಡ. ಉಚ್ಚೆಗೆ ಕೂತರೆ ಮೆಣಸಿನಕಾಯಿ ಅರೆದ ಹಾಗೆ ಉರಿ. ಎದ್ದು ಬಂದರೆ ಮತ್ತೆ ಹೋಗಬೇಕು. ಮನೆಗೆ ಹೋಗಿ ಮಲಗು ಎಂದರೆ ಕೇಳುತ್ತಾಳೆಯೇ? ಬಸ್‌ಸ್ಟ್ಯಾಂಡಿನಲ್ಲಿ ನಿಂತು “ನರಸೀಪುರದ್ ಬಸ್ ಅತ್ಸು” ಎಂದಳು. ದಾರಿಯುದ್ದಕ್ಕೂ ಬಸ್ಸು ಎಗರಿದಾಗಲೆಲ್ಲ ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ನಾನು ಅವಳ ಬೆನ್ನಿಗೆ ಕೈ ಕೊಟ್ಟು ಕೂತೆ.

ಸಿದ್ದಮಲ್ಲಪ್ಪನವರು ಹಣೆತುಂಬ ವಿಭೂತಿ ಹಚ್ಚಿ ಜಗಲಿಯ ಮೇಲೆ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿ ದಿಂಡಿನ ರಸದ ಲೋಟ. ಅಂಥ ಮನೆಗಳಲ್ಲಿ ಅಂಗಳ ದಾಟಿ ಒಂದು ಹೆಜ್ಜೆ ಇಟ್ಟವಳಲ್ಲ ನನ್ನ ಅತ್ತೆ. ಅವತ್ತು ಸೀದಾ ಜಗಲಿ ಹತ್ತಿ ಅವರ ಕೈಯಿಂದ ಲೋಟ ಕಿತ್ತು ಅಂಗಳಕ್ಕೆ ಚೆಲ್ಲಿದಳು.

“ಏಯ್! ಜಗ್ಲಿ ಅತ್ತು ಅಂದೋರ್ಯಾರು ನಿನ್ನ?”

“ನಾನೇ ಅತ್ದೆ. ಕೇಳಿ ಇಲ್ಲಿ. ಅವತ್ತು ಸ್ಕ್ಯಾನಿಗೆ ಬಂದಿದ್ದು ಸೊಸೆಗಲ್ಲ, ನಂಗೆ. ನಂಗೂ ಕಲ್ಲಿತ್ತು. ನಿಮ್ಮಂಗೇ ನೋವೂ ನಿಂತಿತ್ತು. ಕರ್ಗಿರ್ನಿಲ್ಲ ಯಜಮಾನ್ರೆ. ಒಂದ್ ಕಿಡ್ನಿ ಓಯ್ತು. ಒಳಗ್ ಪೈಪ್ ಮಡಿಕಂಡೇ ಬಂದಿವ್ನಿ. ನಿಮ್ಗೆ ನಾನೇಳಿದ್ದು ಸುಳ್ಳು.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಎದ್ದು ನಿಂತು ಶುರು ಮಾಡಿದರು ನೋಡಿ. ಮೋಸಗಾತಿ ಎಂದರು. ಮನೆಹಾಳಿ ಎಂದರು. ನಿನ್ನ ಮಾತು ನಂಬಿ ಮಗನ ಮಾತು ಮೀರಿದೆನಲ್ಲೇ, ನಿನ್ನ ನಾಲಿಗೆ ಸೇದಿಹೋಗ ಎಂದರು. ನಿಮ್ಮಂಥವರನ್ನು ಇಡಬೇಕಾದ ಕಡೆ ಇಡಬೇಕಿತ್ತು ಎಂದೂ ಅಂದರು. ಬೀದಿಯ ಜನ ಬಾಗಿಲಿಗೆ ಬಂದು ನಿಂತರು. ಆ ಕೊನೆಯ ಮಾತಿಗೆ ನನ್ನ ರಕ್ತ ಕುದಿಯಿತು. ಉತ್ತರ ಕೊಡಲು ಒಂದು ಮೆಟ್ಟಿಲು ಹತ್ತಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದು ಅದುಮಿದಳು.

ಒಂದು ಮಾತಿಗೆ ಹತ್ತು ಮಾತು ಹಿಂದಿರುಗಿಸದೆ ಬಿಟ್ಟವಳಲ್ಲ ಜವರಮ್ಮ. ಅವತ್ತು ಒಂದಕ್ಕೂ ತಿರುಗಿ ಹೇಳಲಿಲ್ಲ. ಪಕ್ಕೆಯ ಮೇಲೆ ಕೈಯಿಟ್ಟುಕೊಂಡು, ತಲೆ ತಗ್ಗಿಸದೆ, ಅವರಿಗೆ ಉಸಿರು ಸಾಲದಾಗುವವರೆಗೆ ಕೇಳಿಸಿಕೊಂಡಳು.

“ಬೈದಾಯ್ತಾ ಯಜಮಾನ್ರೆ? ಅಂಗಾರೆ ಚಪ್ಲಿ ಮೆಟ್ಕಳಿ. ಮೈಸೂರ್ ಬಸ್ ಬತ್ತದೆ.”