ಸಲೀಂ ಅಜ್ಜನ ಮನೆಯ ಕಾಫಿ

ಸತ್ತವರು ತಿರುಗಿ ಬರುತ್ತಾರೆ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಉಡುಪಿ ಕಡೆಯವನಾದ್ದರಿಂದ ದೈವಗಳಿಗೆ ಕೈಮುಗಿದೇ ಬೆಳೆದೆ. ಆದರೆ ಅದು ಬೇರೆ, ಇದು ಬೇರೆ. ಯಾರಾದರೂ ತೀರಿಹೋದವರನ್ನು ಕಂಡೆ ಎಂದರೆ, ‘ಎಷ್ಟು ಏರಿಸಿದ್ದೆ ಮಾರಾಯ?’ ಎಂದು ಕೇಳುವ ಜಾತಿ ನನ್ನದು. ಈಗಲೂ ನಂಬುತ್ತೇನೆಂದು ಹೇಳಲಾರೆ. ಮಸ್ಕತ್ತಿನಲ್ಲಿದ್ದಾಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ.

ಅದು ಎಂಬತ್ತರ ದಶಕದ ಕೊನೆ. ತೋಟಗಳಿಗೆ ನೀರೆತ್ತುವ ಪಂಪು ಮಾರುವ ಕಂಪನಿಯೊಂದರಲ್ಲಿ, ಮಸ್ಕತ್ತಿನ ಖುರುಮ್ ಬಡಾವಣೆಯ ಆಫೀಸಿನಲ್ಲಿ ನನಗೆ ಕೆಲಸ. ಪಂಪು ಮಾರುವುದು ನನ್ನ ಪಾಲು, ಕೆಟ್ಟಾಗ ರಿಪೇರಿ ಮಾಡುವುದು ಲಾರೆನ್ಸನ ಪಾಲು. ಅವನೂ ನಮ್ಮ ಕಡೆಯವನೇ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್. ನಾವಿಬ್ಬರೂ ಸೇರಿದರೆ ತುಳು. ಸೀಬ್‌ನಲ್ಲಿ ಅವನದೂ ನನ್ನದೂ ಎದುರುಬದುರು ಬಾಗಿಲು. ಅವನ ಹೆಂಡತಿ ಮಕ್ಕಳು ಜೊತೆಗಿದ್ದರು, ನನ್ನ ಹೆಂಡತಿ ಊರಿನಲ್ಲಿದ್ದಳು. ಶುಕ್ರವಾರದ ಊಟ ಲಾರೆನ್ಸನ ಮನೆಯಲ್ಲೇ ಎಂದು ಅವನ ಹೆಂಡತಿ ಸೆವ್ರಿನ್ ಬಾಯಿ ಕಟ್ಟಪ್ಪಣೆ ಮಾಡಿದ್ದರು. ಅವರ ಕೈಯ ಮೀನುಸಾರಿನ ಋಣ ನನ್ನ ಮೇಲೆ ಬಹಳ ಇದೆ.

ಅಲ್ ಅಮೇರಾತ್ ದಾಟಿ ಬೆಟ್ಟಗಳ ನಡುವೆ ಹೋದರೆ ವಾದಿಯ ದಂಡೆಯಲ್ಲಿ ಒಂದು ಹಳ್ಳಿ. ವಾದಿ ಎಂದರೆ ಒಣಗಿದ ಹೊಳೆ. ವರ್ಷಪೂರ್ತಿ ಬರೀ ಕಲ್ಲು, ಬೆಟ್ಟದಲ್ಲಿ ಮಳೆ ಬಂದ ದಿನ ಮಾತ್ರ ನೀರು. ಆ ಹಳ್ಳಿಯ ಸಲೀಂ ಎಂಬ ಮುದುಕರ ಖರ್ಜೂರದ ತೋಟಕ್ಕೆ ನಮ್ಮದೇ ಪಂಪು. ಅವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಆದರೆ ಅತಿಥಿಗೆ ಕಾಫಿ ಬಗ್ಗಿಸುವ ಕೆಲಸವನ್ನು ಮಗನಿಗೂ ಬಿಟ್ಟುಕೊಡುತ್ತಿರಲಿಲ್ಲ. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಘಮದ ತೆಳು ಕಾಫಿ. ಜೊತೆಗೆ ಖರ್ಜೂರ. ನನಗದು ಮೊದಮೊದಲು ಶೀತಕ್ಕೆ ಕುಡಿಯುವ ಕಷಾಯದ ಹಾಗೆ ಅನಿಸಿತ್ತು. ಲಾರೆನ್ಸನಿಗೆ ಮಾತ್ರ ಮೊದಲ ಗುಟುಕಿಗೇ ಹಿಡಿಸಿಬಿಟ್ಟಿತು.

ಅಲ್ಲಿಯ ಪದ್ಧತಿ ನಮಗೆ ಗೊತ್ತಿರಲಿಲ್ಲ. ಹಿಡಿಯಿಲ್ಲದ ಪುಟ್ಟ ಕಪ್ಪು, ತಳದಲ್ಲಿ ಮೂರು ಗುಟುಕು ಕಾಫಿ. ಕುಡಿದು ಹಾಗೆಯೇ ಹಿಂದೆ ಕೊಟ್ಟರೆ ಮತ್ತೆ ತುಂಬಿಸಿ ಕೊಡುತ್ತಾರೆ. ಸಾಕೆಂದರೆ ಕಪ್ಪನ್ನು ಸ್ವಲ್ಪ ಅಲ್ಲಾಡಿಸಿ ಕೊಡಬೇಕು. ನಮ್ಮೂರಿನಲ್ಲಿ ಹಿರಿಯರು ಕೊಟ್ಟದ್ದನ್ನು ಬೇಡ ಎನ್ನುವುದುಂಟೇ? ಕೊಟ್ಟಷ್ಟನ್ನೂ ಕುಡಿದೆವು. ಕೊನೆಗೆ ಅಜ್ಜನ ಮಗ ನಗು ತಡೆಯಲಾರದೆ ಕೈ ಅಲ್ಲಾಡಿಸಿ ತೋರಿಸಿದ. ಅಂದಿನಿಂದ ನಾನು ಎರಡನೆಯ ಕಪ್ಪಿಗೇ ಅಲ್ಲಾಡಿಸಿಬಿಡುತ್ತಿದ್ದೆ. ಲಾರೆನ್ಸ್ ಮಾತ್ರ ಬೇಕೆಂದೇ ಅಲ್ಲಾಡಿಸುತ್ತಿರಲಿಲ್ಲ. ಕಾಫಿಯ ಹೂಜಿ ಬರಿದಾಗುವವರೆಗೂ ಕಪ್ಪು ಒಡ್ಡುತ್ತಿದ್ದ. ಅಜ್ಜ ಕಪ್ಪನ್ನು ಮುಟ್ಟಿ ನೋಡಿ, ‘ಇವನ ಹೊಟ್ಟೆಗೂ ಒಂದು ಪಂಪು ಇಡಿಸಬೇಕು’ ಎಂದು ನಗುತ್ತಿದ್ದರು. ‘ಸಂಬಳಕ್ಕಲ್ಲ ಮಾರಾಯ, ಈ ಕಾಫಿಗಾಗಿ ನಾನು ಒಮಾನಿನಲ್ಲಿರುವುದು’ ಎನ್ನುತ್ತಿದ್ದ ಅವನು.

ಆ ವರ್ಷ ಚಳಿಗಾಲದಲ್ಲಿ ಬೆಟ್ಟಗಳ ಮೇಲೆ ಜೋರು ಮಳೆಯಾಯಿತು. ಅದೇ ರಸ್ತೆಯಲ್ಲಿ ಇನ್ನೊಂದು ತೋಟಕ್ಕೆಂದು ಒಬ್ಬನೇ ಹೊರಟ ಲಾರೆನ್ಸ್ ಸಂಜೆ ಮನೆಗೆ ಬರಲಿಲ್ಲ. ಮರುದಿನ ಅವನ ಜೀಪು ವಾದಿಯ ಕಲ್ಲುಗಳ ನಡುವೆ ಮಗುಚಿ ಬಿದ್ದದ್ದು ಸಿಕ್ಕಿತು. ಒಳಗೆ ಅವನಿರಲಿಲ್ಲ. ಪೊಲೀಸರು ಹುಡುಕುತ್ತಲೇ ಇದ್ದರು. ಸೆವ್ರಿನ್ ಬಾಯಿ ಒಂದು ತುತ್ತು ಅನ್ನ ಮುಟ್ಟಲಿಲ್ಲ, ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಅತ್ತರೆ ಅವನು ಇಲ್ಲವೆಂದು ತಾವೇ ಒಪ್ಪಿಕೊಂಡ ಹಾಗಾಗುತ್ತದೆ ಎಂಬ ಹೆದರಿಕೆ ಇರಬೇಕು. ನೀರು ಇಳಿದು ರಸ್ತೆ ತೆರೆದಿದೆ ಎಂದು ತಿಳಿದ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದರು.

“ಅಣ್ಣ, ನನ್ನನ್ನು ಆ ಕಾಫಿ ಅಜ್ಜನ ಮನೆಗೆ ಕರ್ಕೊಂಡು ಹೋಗಿ. ಇವರು ಆ ದಾರಿಯಲ್ಲಿ ಹೋದವರು ಅಲ್ಲಿಗೆ ಹೋಗದೆ ಇರ್ಲಿಕ್ಕಿಲ್ಲ.”

ಆಫೀಸಿಗೆ ರಜೆ ಹೇಳಿ ಅವರನ್ನು ಕರೆದುಕೊಂಡು ಹೊರಟೆ. ನಾವು ಮುಟ್ಟಿದಾಗ ಮಧ್ಯಾಹ್ನವಾಗಿತ್ತು, ಚುರುಗುಟ್ಟುವ ಬಿಸಿಲು. ಮಗ ತೋಟದಲ್ಲಿದ್ದ. ಅಜ್ಜ ಒಬ್ಬರೇ ಜಗಲಿಯ ಚಾಪೆಯ ಮೇಲೆ ಹೂಜಿ ಮುಂದಿಟ್ಟುಕೊಂಡು ಕೂತಿದ್ದರು. ನನ್ನ ದನಿ ಗುರುತಿಸಿ ಕೂರಿಸಿದರು. ನಾನು ವಿಷಯ ತೆಗೆಯುವ ಮೊದಲೇ ಅವರೇ ಅರಬ್ಬಿಯಲ್ಲಿ ಕೇಳಿದರು, ‘ನಿನ್ನ ಗೆಳೆಯ ಬೆಳಿಗ್ಗೆಯೇ ಬಂದು ಹೋದ, ನೀನೇಕೆ ತಡ?’

ಯಾವ ಬೆಳಿಗ್ಗೆ ಎಂದು ಕೇಳಿದೆ. ಇವತ್ತೇ, ಬೆಳಗಿನ ನಮಾಜು ಮುಗಿಸಿ ಕೂತಾಗ ಎಂದರು. ತೋಳು ಮುಟ್ಟಿದೆ, ಅಂಗಿಯೆಲ್ಲ ಒದ್ದೆಯಾಗಿತ್ತು, ಕೈ ತಣ್ಣಗಿತ್ತು ಎಂದರು. ಒಂದೇ ಕಪ್ಪು ಕುಡಿದು ಅಲ್ಲಾಡಿಸಿ ಕೊಟ್ಟ. ಇವತ್ತೇಕೆ ಇಷ್ಟು ಬೇಗ ಎಂದು ಕೇಳಿದರೆ ‘ಖಲಾಸ್, ಅಜ್ಜ’ ಎಂದಷ್ಟೇ ಹೇಳಿ ಎದ್ದು ಹೋದ ಎಂದರು. ಹೇಳುವಾಗ ಅವರ ಮುಖದಲ್ಲಿ ಬೇಸರವಿತ್ತು, ತನ್ನ ಕಾಫಿಯಲ್ಲೇ ಏನೋ ಕೊರತೆಯಾಯಿತೋ ಎನ್ನುವಂಥ ಬೇಸರ.

“ಎಂತ ಹೇಳಿದ್ರು ಅಣ್ಣ? ಬೇಗ ಹೇಳಿ.”

“ಬಂದಿದ್ದನಂತೆ ಬಾಯಿ. ಇವತ್ತು ಬೆಳಿಗ್ಗೆ. ಕಾಫಿ ಕುಡಿದು ಹೋದನಂತೆ.”

ಆಗ ಅವರು ಅತ್ತರು. ಅಷ್ಟು ದಿನದ ಅಳು ಒಟ್ಟಿಗೇ ಬಂತು. ಅಜ್ಜ ಕೊಟ್ಟ ಕಾಫಿ ಕುಡಿದರು, ಖರ್ಜೂರ ತಿಂದರು, ಮತ್ತೆ ಕಪ್ಪು ಒಡ್ಡಿದರು. ನನಗೂ ಅಂದಿನ ಕಾಫಿ ಎಂದೂ ಇಲ್ಲದಷ್ಟು ರುಚಿಯಾಗಿತ್ತು. ಸರಿದು ಕೂರಲೆಂದು ಪಕ್ಕದ ಚಾಪೆಯ ಮೇಲೆ ಕೈಯೂರಿದೆ. ಅದು ಒದ್ದೆಯಾಗಿತ್ತು. ಅಂಗೈಗೆ ವಾದಿಯ ನುಣ್ಣನೆಯ ಕೆಸರು ಅಂಟಿತು. ಲಾರೆನ್ಸ್ ಯಾವಾಗಲೂ ಕೂರುತ್ತಿದ್ದ ಜಾಗವದು. ಅವನು ಬಂದದ್ದಕ್ಕೆ ಅದೇ ಸಾಕ್ಷಿ ಎಂದು ನಾನು ಖುಷಿಪಟ್ಟೆ.

ಸುತ್ತಮುತ್ತ ಕೂಗಿ ಹುಡುಕಿದೆವು. ಹೊರಡುವಾಗ ಅಜ್ಜನ ಮಗ ನನ್ನನ್ನು ಪಕ್ಕಕ್ಕೆ ಕರೆದು, ಬೆಳಗಿನಿಂದ ಮನೆಯ ಹತ್ತಿರ ಯಾರೂ ಬಂದಿಲ್ಲ, ಅಪ್ಪನಿಗೆ ವಯಸ್ಸಾಯಿತು ಎಂದ. ನಾನದನ್ನು ಸೆವ್ರಿನ್ ಬಾಯಿಗೆ ಹೇಳಲಿಲ್ಲ. ದಾರಿಯುದ್ದಕ್ಕೂ ಅವರು ಮಾತಾಡುತ್ತಲೇ ಇದ್ದರು, ತಲೆಗೆ ಪೆಟ್ಟಾಗಿ ದಾರಿ ತಪ್ಪಿರಬಹುದು, ಇವತ್ತೋ ನಾಳೆಯೋ ಬಂದಾರು ಎಂದು.

ಸೀಬ್‌ಗೆ ಬಂದರೆ ಬಾಗಿಲಲ್ಲಿ ಪೊಲೀಸರು ಕಾದಿದ್ದರು. ಹಿಂದಿನ ದಿನವೇ, ವಾದಿ ಸಮುದ್ರ ಸೇರುವಲ್ಲಿ ಒಂದು ಶವ ಸಿಕ್ಕಿತ್ತಂತೆ. ನಾನೇ ಹೋಗಿ ಗುರುತಿಸಿದೆ. ನೀರು ಬಂದ ದಿನವೇ ಜೀವ ಹೋಗಿದೆ ಎಂದರು ಡಾಕ್ಟರು.

ಅಜ್ಜನಿಗೆ ಹಳೆಯದು ಹೊಸದು ಕಲಸಿಹೋಗಿದ್ದಿರಬಹುದು. ಪ್ರವಾಹದ ಸುದ್ದಿ ಕೇಳಿ ಮನಸ್ಸೇ ಒದ್ದೆ ಅಂಗಿಯನ್ನು ಸೇರಿಸಿರಬಹುದು. ಕೆಸರು ಮಗನ ಕಾಲಿನದಿರಬಹುದು. ಹೀಗೆ ನಾನು ಒಂದೊಂದಕ್ಕೂ ಸಮಾಧಾನ ಕಟ್ಟಿದ್ದೇನೆ. ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಯಾವುದೂ ನಿಲ್ಲುವುದಿಲ್ಲ. ಇಷ್ಟು ಕಾಲ ಎಂದೂ ಸಾಕೆನ್ನದವನು ಅಂದೇ ಸಾಕೆಂದನೆಂದು ಆ ಕುರುಡ ಮುದುಕ ಏಕೆ ಹೇಳಬೇಕಿತ್ತು?

ಲಾರೆನ್ಸನ ಶವಪೆಟ್ಟಿಗೆಯೊಂದಿಗೆ ಹೆಂಡತಿ ಮಕ್ಕಳು ಊರಿಗೆ ಹೊರಟ ದಿನ ನಾನು ಏರ್‌ಪೋರ್ಟಿಗೆ ಹೋಗಿದ್ದೆ. ಒಳಗೆ ಹೋಗುವ ಮೊದಲು ಸೆವ್ರಿನ್ ಬಾಯಿ ನನ್ನ ಹತ್ತಿರ ಬಂದರು.

“ಅಜ್ಜ ಸುಳ್ಳು ಹೇಳಿದ್ರು ಅಂತ ನಾನು ಹೇಳುವುದಿಲ್ಲ ಅಣ್ಣ. ಆದ್ರೆ ಅಷ್ಟು ದಿವಸ ನಾನು ರಾತ್ರಿಯೂ ಬಾಗಿಲಿಗೆ ಚಿಲಕ ಹಾಕ್ಲಿಲ್ಲ. ಅಲ್ಲಿವರೆಗೆ ಹೋಗ್ಲಿಕ್ಕೆ ಆದವರಿಗೆ, ಒಂದು ಸಲ ಮನೆಗೆ ಬರ್ಲಿಕ್ಕೆ ಆಗ್ಲಿಲ್ವಾ?”

ಮಕ್ಕಳು ಅಮ್ಮನ ಸೆರಗು ಹಿಡಿದು ನಿಂತಿದ್ದರು. ನಾನು ಅವರ ಕೈಚೀಲ ಎತ್ತಿಕೊಟ್ಟೆ. ಅವರು ಮಕ್ಕಳನ್ನು ಕರೆದುಕೊಂಡು ಒಳಗೆ ಹೋದರು.