ಕುರಿ ಎಣಿಸದ ಹುಡುಗಿ

ಗೋಕಾಕದ ಶಾಲೆಯೊಂದರ ಕೋಣೆಯಲ್ಲಿ ಆ ಬೆಳಿಗ್ಗೆ ನಾವು ನಾಲ್ವರಿದ್ದೆವು. ಮೇಜಿನ ಆಚೆ, ವರ್ಷಕ್ಕೊಮ್ಮೆಯ ಕ್ಯಾಂಪಿನಲ್ಲಿ ಮಕ್ಕಳ ಬುದ್ಧಿಮಟ್ಟ ನೋಡಲು ಬಂದ ತಜ್ಞರು. ಈಚೆ ಒಬ್ಬ ಅಜ್ಜಿ, ಆಕೆಯ ತೊಡೆಯ ಮೇಲೆ ಎಂಟು ವರ್ಷದ ಮೊಮ್ಮಗಳು. ಪಕ್ಕದಲ್ಲಿ ನಾನು. ವಿಕಲಚೇತನ ಮಕ್ಕಳಿಗೆ ಪಾಠ ಹೇಳುತ್ತ ಮೂಡಲಗಿಯಿಂದ ಸ್ಕೂಟಿ ಏರಿ ಊರೂರು ತಿರುಗುವುದು ನನ್ನ ಕೆಲಸ.

ಹುಡುಗಿ ಕೊಣ್ಣೂರಿನ ಆಚೆಯ ಕುರಿಗಾರರ ಮನೆಯವಳು. ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ, ಕೈ ಹೇಳಿದಂತೆ ಕೇಳುವುದಿಲ್ಲ, ಮಾತು ಎಳೆದೆಳೆದು ಬರುತ್ತದೆ. ಅವಳು ಶಾಲೆಯಲ್ಲಿ ಕೂರಬೇಕೋ, ಮನೆಯಲ್ಲೇ ಉಳಿಯಬೇಕೋ ಎಂಬುದು ಆ ದಿನದ ಕಾಗದದ ಮೇಲೆ ನಿಂತಿತ್ತು.

ತಜ್ಞರು ಬಣ್ಣದ ಮರದ ತುಂಡುಗಳನ್ನು ಜೋಡಿಸಲು ಹೇಳಿದರು. ತುಂಡುಗಳು ಜಾರಿ ನೆಲದ ಪಾಲಾದವು. ನಾನು ಜಾಣತನ ತೋರಿಸಿದೆ: "ಸರ್, ಆಕೀಗೆ ಗೊತ್ತಿದ್ದದ್ದನ್ನ ಕೇಳ್ರಿ. ಕುರಿ ಕೇಳ್ರಿ."

"ನಿಮ್ಮ ಮನ್ಯಾಗ ಎಷ್ಟ್ ಕುರಿ ಅದಾವ ಪುಟ್ಟಿ?"

ಹುಡುಗಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ತುಟಿ ಬಿಗಿದು ಗೋಡೆ ನೋಡಿದಳು.

"ಹೋಗ್ಲಿ, ಮರಿ ಎಷ್ಟ್?"

ಹುಡುಗಿ ಮತ್ತೆ ಅಜ್ಜಿಯತ್ತ ತಿರುಗಿದಳು. ಮೂರು ಸಲ ಕೇಳಿ ಅವರು ಬರೆದರು: ಎಣಿಕೆ ತಿಳಿಯದು, ಮನೆಯಲ್ಲೇ ಕಲಿಸತಕ್ಕದ್ದು. ಎಂದರೆ ಹೆಸರು ಶಾಲೆಯ ಹಾಜರಿಯಲ್ಲಿ, ಹುಡುಗಿ ಮನೆಯ ಹೊರಸುಮಂಚದ ಮೇಲೆ, ವಾರಕ್ಕೊಮ್ಮೆ ನಾನು.

ಮೊದಲ ಸಲ ಅವರ ಮನೆಗೆ ಹೋದಾಗ ಹೊತ್ತು ಇಳಿದಿತ್ತು. ಕುರಿಗಳು ಧೂಳೆಬ್ಬಿಸುತ್ತ ದಡ್ಡಿಯ ಬೇಲಿಯೊಳಗೆ ನುಗ್ಗುತ್ತಿದ್ದವು. ಹೊರಸಿನ ಮೇಲಿದ್ದ ಹುಡುಗಿ ಕಣ್ಣು ಕೀಳದೆ ನೋಡುತ್ತಿದ್ದಳು. ಕೊನೆಯದು ಒಳಗೆ ಹೋದದ್ದೇ ತಡ, "ಕಿವಿ ಹರದದ್ದು ಬಂತು... ಅದರ ಮರಿ ಬಂದಿಲ್ಲ" ಎಂದಳು. ಅವಳ ಅಪ್ಪ ಒಂದು ಮಾತೂ ಕೇಳದೆ ಬಂದ ದಾರಿಯಲ್ಲೇ ಹುಡುಕಲು ಓಡಿದ.

ನಾನು ಬೆರಗಾಗಿ, "ಒಟ್ಟ ಎಷ್ಟ್ ಬಂದ್ವು ಹಂಗಾರ?" ಎಂದೆ.

"ಬಾಯಿ ಮುಚ್ರಿ ಅಕ್ಕಾರ!" ಅಜ್ಜಿ ಎದ್ದೇ ನಿಂತಳು. "ಅವತ್ತ ಆ ಸಾಹೇಬನ ಮುಂದೂ ಹಿಂಗ ಕೇಳಸಿದ್ರಿ. ಬಾಯಿಬಿಟ್ಟ ಕುರಿ ಎಣಸ್ತಾರೇನ್ರಿ? ದೃಷ್ಟಿ ಆಗೂದಿಲ್ಲ? ನಮ್ಮನ್ಯಾಗ ಮಾರಿ ನೋಡಿ ಗುರ್ತ ಹಿಡೀತೇವಿ."

ಹುಡುಗಿಯ ಪಕ್ಕ ಕೂತು, "ತಪ್ಪಾತವಾ" ಎಂದೆ. ಪರೀಕ್ಷೆಯಲ್ಲಿ ತಪ್ಪಿದವಳು ನಾನೇ. ಚೀಲದಲ್ಲಿದ್ದ ಶೇಂಗಾ ತೆಗೆದೆ. "ಹದಿನೇಳ ಶೇಂಗಾದಾಗ ಒಂಬತ್ತ ತಿಂದ್ರ ಎಷ್ಟ್ ಉಳೀತಾವ?"

"ಎಂ...ಟ." ನನ್ನ ಕೈಯ ಶೇಂಗಾ ನೋಡಿ, "ಹುಳಕ ಇರಲಿಲ್ಲಂದ್ರ!"

ಮರುದಿನವೇ ಅವರೂರ ಶಾಲೆಯ ಹೆಡ್‌ಮಾಸ್ತರರ ಮುಂದೆ ನಿಂತೆ. ಅವರೇನು ಕೆಟ್ಟವರಲ್ಲ, ಆದರೆ ಕಾಗದಕ್ಕೆ ಅಂಜುವವರು. "ಬರದದ್ದ ಬರದಾತ್ರಿ ಮೇಡಂ. ಮುಂದಿನ ವರ್ಷ ಕ್ಯಾಂಪ್ ಬಂದಾಗ ನೋಡೂಣಂತ. ನಾಳೆ ಸಾಲ್ಯಾಗ ಬಿದ್ದ ಪೆಟ್ಟ ಮಾಡಕೊಂಡ್ರ ಯಾರ್ ಜವಾಬ್ದಾರಿ?"

ಒಂದು ವರ್ಷ! ದೊಡ್ಡವರಿಗೆ ಒಂದು ಕಡತದಷ್ಟೇ ಅದು. ಎಂಟು ವರ್ಷದವಳಿಗೆ ಒಂದು ತರಗತಿ. ನಾನು ಅಜ್ಜಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಸೋಮವಾರ ಆಕೆ ಮೊಮ್ಮಗಳನ್ನು ಬೆನ್ನಿಗೆ ಹಾಕಿಕೊಂಡು ಬಂದು, ಮೂರನೆಯ ತರಗತಿಯ ಗೋಡೆಗೆ ಒತ್ತಾಗಿ ಕಂಬಳಿ ಹಾಸಿ ಕೂರಿಸಿಯೇಬಿಟ್ಟಳು.

"ಬಿದ್ದರ ಏನ್ ಮಾಡೂದಬೇ?" ಎಂದರು ಹೆಡ್‌ಮಾಸ್ತರರು.

"ಉಳಿದ ಹುಡುಗ್ರು ಬೀಳೂದಿಲ್ಲೇನ್ರಿ? ಬಿದ್ರ ಎತ್ರಿ. ಪಗಾರ ತಗೋತೀರಿ."

ಅವರು ಹುಡುಗಿಯತ್ತ ಬಾಗಿ ಮೆಲ್ಲಗೆ ಹೇಳಿದರು, "ಅಕ್ಕಾರ ಮನೀಗೇ ಬಂದು ಕಲಸ್ತಾರಲ್ಲವಾ, ಅಲ್ಲೇ ಆರಾಮ ಕಲಿ."

ಹುಡುಗಿ ಉಸಿರು ಎಳೆದುಕೊಂಡಳು. ಇಡೀ ತರಗತಿ ಕಾಯಿತು. "ಮನ್ಯಾಗ... ಯಾರ ಜೋಡಿ... ಜಗಳಾ ಆಡ್ಲಿ?"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ಕಂಬಳಿಯ ಮೇಲಿಂದ ಮಾತ್ರ ಕದಲಲಿಲ್ಲ.

ಶಾಲೆಗೆ ಭೇಟಿ ಕೊಟ್ಟವರು ಬರೆಯುವ ಸಂದರ್ಶನ ಪುಸ್ತಕ ತರಿಸಿಕೊಂಡು ಬರೆದೆ: ಪರೀಕ್ಷೆಯ ದಿನ ಪ್ರಶ್ನೆ ತಪ್ಪಿತ್ತು, ಮಗು ತಪ್ಪಿರಲಿಲ್ಲ. ಇಂದಿನಿಂದ ತರಗತಿಯಲ್ಲಿದ್ದಾಳೆ, ಜವಾಬ್ದಾರಿ ನನ್ನದು. ಸಹಿ ಹಾಕಿದೆ. ಹದಿನೈದು ದಿನಕ್ಕೆ ಮೇಲಿನ ಕಚೇರಿಯಿಂದ ಕಾರಣ ಕೇಳಿ ಪತ್ರ ಬಂತು. ಮನೆಯಲ್ಲಿ ಕಲಿಸುವುದು ಶಾಲೆಗೆ ಬರಲಾಗದ ಮಕ್ಕಳಿಗಾಗಿ, ಬಂದು ಕೂತವಳಿಗಲ್ಲ ಎಂದು ಉತ್ತರಿಸಿದೆ. ಕ್ಷಮೆ ಕೇಳುವ ಸಾಲು ಸೇರಿಸಿರೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಸೇರಿಸಲಿಲ್ಲ. ಕ್ಷಮೆ ಕೇಳಬೇಕಾದದ್ದು ಆ ಹುಡುಗಿಯನ್ನು, ಅದನ್ನು ಆಗಲೇ ಕೇಳಿದ್ದೆ.

ವರ್ಷ ಕಾಯಲೂ ಇಲ್ಲ. ಹುಕ್ಕೇರಿಯಲ್ಲಿ ಕ್ಯಾಂಪ್ ಇದೆಯೆಂದು ತಿಳಿದು, ನಮ್ಮ ತಾಲ್ಲೂಕಲ್ಲದಿದ್ದರೂ ಅಜ್ಜಿ-ಮೊಮ್ಮಗಳಿಬ್ಬರನ್ನೂ ಬಸ್ಸಿಗೆ ಹತ್ತಿಸಿಕೊಂಡು ಹೋದೆ. ನಿಮ್ಮ ಸರದಿ ಇಲ್ಲಿಲ್ಲ ಎಂದರು ಅಲ್ಲಿನವರು. ಮಧ್ಯಾಹ್ನದವರೆಗೂ ಬಾಗಿಲಲ್ಲೇ ಕೂತೆವು. ಕೊನೆಗೆ ಕರೆದರು. ಏನಾದರೂ ಕೇಳಿ, ಕುರಿಯೊಂದನ್ನು ಬಿಟ್ಟು ಎಂದೆ. ಕಾಗದ ಬದಲಾಯಿತು: ಶಾಲೆಯಲ್ಲೇ ಕಲಿಸತಕ್ಕದ್ದು.

ಮಾರ್ಚಿನಲ್ಲಿ ಅವಳು ಗಣಿತದ ಪರೀಕ್ಷೆಗೆ ಕೂತಳು. ಕೈ ಬಾರದ್ದರಿಂದ ಅವಳು ಹೇಳಿದ್ದನ್ನು ಬರೆಯಲು ಎರಡನೆಯ ತರಗತಿಯ ಹುಡುಗಿಯನ್ನು ಕೊಟ್ಟಿದ್ದರು. ನಾಲ್ಕನೆಯ ಲೆಕ್ಕಕ್ಕೆ ಆ ಹುಡುಗಿ ತನಗೆ ಸರಿ ಕಂಡ ಉತ್ತರವನ್ನೇ ಬರೆದಳು. ಇವಳು ಜಗಳವಾಡಿ ಅದನ್ನು ಅಳಿಸಿಸಿ, ತನ್ನ ಉತ್ತರ ಬರೆಸಿದಳು.